ಆಟ ಶುರು ಮಾಡುವವರು ಯಾರು?

ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರ ಕೊನೆಯ ಭಾಗದಲ್ಲಿ ಐದು ದಿನ ಚೆಂಡಿನ ಆಟ. 'ಪೊಳಲಿ ಚೆಂಡು' ಎಂದು ತುಳುನಾಡಿನಲ್ಲೆಲ್ಲ ಹೆಸರಾದ ಈ ಆಟದ ತೊಗಲಿನ ಚೆಂಡು ಮೂಡುಬಿದಿರೆಯಿಂದ ಬರುತ್ತದೆ. ಅದನ್ನು ಹೊಲಿದುಕೊಡುವುದು ಅಲ್ಲಿನ ಒಂದು ಮನೆತನದ ಪಾಲಿಗೆ ಬಂದ ಕೆಲಸ. ಜಾತ್ರೆ ಎಷ್ಟು ದಿನ ಎಂಬುದು ನಿಶ್ಚಯವಾಗಿ ಊರಿಗೆ ಸಾರಿದ ಮೇಲೆಯೇ ಮುಂದಿನದೆಲ್ಲ. ದಿನ ಗೊತ್ತಾಗಬೇಕು, ಚೆಂಡು ಬರಬೇಕು, ದೇವಸ್ಥಾನದ ಅಪ್ಪಣೆ ಆಗಬೇಕು. ಆಮೇಲೆ ಗದ್ದೆಯಲ್ಲಿ ಆಟ.

ಇದು ಊರಿನ ಆಟದ ಮಾತಾಯಿತು. ಮನೆಯೊಳಗಿನ ಆಟಕ್ಕೂ ಇಂಥದೇ ಕಟ್ಟುಪಾಡು ಇತ್ತು. ಚೆನ್ನೆಮಣೆಯನ್ನೇ ನೋಡಬಹುದು. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ ಒಟ್ಟು 56 ಮಂಜೊಟ್ಟಿ ಕಾಯಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ, ಮಳೆ ಹಿಡಿದು ಹೊರಗಿನ ಕೆಲಸ ನಿಂತಾಗ, ಮಣೆ ಅಟ್ಟದಿಂದ ಕೆಳಗೆ ಇಳಿಯುತ್ತಿತ್ತು. ಆಟಿ ಮುಗಿದರೆ ಮತ್ತೆ ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಆಡಬಾರದು, ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಎಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಉಂಟು.

ಆ ಮಾತಿನ ಹಿಂದೆ ಸಿರಿ ಪಾಡ್ದನದ ಕಥೆ ಇದೆ. ಅವಳಿ ಸೋದರಿಯರಾದ ಅಬ್ಬಗ-ದಾರಗ, ಹಿರಿಯರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಚೆನ್ನೆಯಾಡಲು ಕೂರುತ್ತಾರೆ. ಆಟ ಜಗಳವಾಗುತ್ತದೆ, ಮಣೆಯೇ ಆಯುಧವಾಗುತ್ತದೆ, ಇಬ್ಬರೂ ಸಾಯುತ್ತಾರೆ. ಈ ಕಾವ್ಯವನ್ನು ಬೆಳ್ತಂಗಡಿ ತಾಲೂಕಿನ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿ ಮುಗಿಸಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಪ್ರೊ. ಬಿ.ಎ. ವಿವೇಕ ರೈ ಮತ್ತು ಪ್ರೊ. ಕೆ. ಚಿನ್ನಪ್ಪ ಗೌಡರ ತಂಡ ಅದನ್ನು ಧ್ವನಿಮುದ್ರಿಸಿಕೊಂಡಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು.

ಹೀಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಆಟ ಎಂಬುದು ತಾನಾಗಿ ಶುರುವಾಗುವ ಸಂಗತಿ ಆಗಿರಲಿಲ್ಲ. ಯಾರೋ ಶುರು ಮಾಡಿಸಬೇಕಿತ್ತು. ಈ ಹಿನ್ನೆಲೆಯಲ್ಲಿ ನೋಡಿದರೆ ಇಂದಿನ ಒಂದು ಹವ್ಯಾಸ ಕುತೂಹಲ ಹುಟ್ಟಿಸುತ್ತದೆ. ಹಳೆಯ ವೀಡಿಯೋ ಗೇಮ್ ಅಂಗಡಿಯಲ್ಲಿದ್ದಂಥ ನಿಲುವು ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಸಿ, ಒಳಗೊಂದು ಕಂಪ್ಯೂಟರ್ ಇಟ್ಟು, ಗೋಡೆಯ ಸ್ವಿಚ್ ಒತ್ತಿದ ಕೂಡಲೇ ಆಟದ ಪಟ್ಟಿ ತಾನಾಗಿ ತೆರೆಯ ಮೇಲೆ ಬರುವಂತೆ ಮಾಡುವುದು ಆ ಹವ್ಯಾಸ. ಕೀಲಿಮಣೆ ಬೇಡ, ಗುಪ್ತಪದ ಬೇಡ, ಆದೇಶ ಬರೆಯುವುದು ಬೇಡ. ನೋಡಲು ಸಣ್ಣ ಅನುಕೂಲ. ಆದರೆ ಅದರ ಹಿಂದೆ ಅರ್ಧ ಶತಮಾನದ ಇತಿಹಾಸ ಇದೆ. ಆಟವನ್ನು ಶುರು ಮಾಡುವ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ಆ ಇತಿಹಾಸದ ತಿರುಳು.

ನಾಣ್ಯ ಹಾಕಿದರೆ ಆಟ

1972ರಲ್ಲಿ ಅಮೆರಿಕದ ಅಟಾರಿ ಕಂಪೆನಿ 'ಪಾಂಗ್' ಎಂಬ ಆಟದ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಒಂದು ಪಾನಗೃಹದಲ್ಲಿ ಇರಿಸಿತು. ಎರಡು ಗೆರೆ, ಒಂದು ಚುಕ್ಕೆ. ಟೇಬಲ್ ಟೆನ್ನಿಸಿನ ಸರಳ ರೂಪ. ಕೆಲವೇ ದಿನಗಳಲ್ಲಿ ಯಂತ್ರ ನಿಂತುಹೋಯಿತು. ಅದನ್ನು ರೂಪಿಸಿದ ಅಲನ್ ಆಲ್ಕಾರ್ನ್ ಬಂದು ತೆರೆದು ನೋಡಿದರೆ ಕೆಟ್ಟದ್ದು ಯಂತ್ರವಲ್ಲ. ನಾಣ್ಯದ ಡಬ್ಬಿ ತುಂಬಿ ಹೊಸ ನಾಣ್ಯಕ್ಕೆ ಜಾಗ ಇರಲಿಲ್ಲ. 1978ರಲ್ಲಿ ಜಪಾನಿನಿಂದ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್‌ಮ್ಯಾನ್' ಬಂದವು. ಮುಂದೆ ಭಾರತದ ನಗರಗಳಲ್ಲೂ ಇಂಥ ಯಂತ್ರಗಳ ಅಂಗಡಿಗಳು ತೆರೆದವು.

ಇಲ್ಲಿ ಆಟ ಶುರು ಮಾಡಿಸುತ್ತಿದ್ದದ್ದು ನಾಣ್ಯ. ಆದರೆ ಯಂತ್ರ ಮಾತ್ರ ಮೊದಲಿನಿಂದಲೂ ಸ್ವಯಂಚಾಲಿತ. ಅಂಗಡಿಯವನು ಬೆಳಗ್ಗೆ ಬಂದು ಮುಖ್ಯ ಸ್ವಿಚ್ ಹಾಕಿದರೆ ಸಾಲಿನಲ್ಲಿದ್ದ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಏಳುತ್ತಿದ್ದವು. ತಮ್ಮ ಬಿಡಿಭಾಗ ಸರಿ ಇದೆಯೇ ಎಂದು ತಾವೇ ಪರೀಕ್ಷಿಸಿಕೊಂಡು, ಗಿರಾಕಿಯನ್ನು ಸೆಳೆಯಲು ಆಟದ ತುಣುಕೊಂದನ್ನು ತಾವೇ ಆಡಿ ತೋರಿಸುತ್ತಿದ್ದವು.

ಇದು ಸಾಧ್ಯವಾದದ್ದು ಹೇಗೆ? ಯಂತ್ರದ ಮಿದುಳಾದ ಪ್ರೊಸೆಸರ್‌ಗೆ ಕರೆಂಟು ಸಿಕ್ಕಿದೊಡನೆ ಅದು ತನ್ನ ಇಷ್ಟ ಬಂದ ಕಡೆ ಹೋಗುವುದಿಲ್ಲ. ಮೊದಲು ಎಲ್ಲಿ ನೋಡಬೇಕು ಎಂಬುದು ಅದರ ರಚನೆಯಲ್ಲೇ ಅಡಕವಾಗಿರುತ್ತದೆ. ಪ್ಯಾಕ್‌ಮ್ಯಾನ್‌ನಲ್ಲಿದ್ದ 'ಝಡ್-80' ಎಂಬ ಚಿಪ್ ಸೊನ್ನೆಯ ವಿಳಾಸದಿಂದ ಓದತೊಡಗುತ್ತದೆ. '6502' ಎಂಬ ಇನ್ನೊಂದು ಚಿಪ್ 65,532 ಮತ್ತು 65,533ನೆಯ ಮನೆಗಳಲ್ಲಿ ಏನು ಬರೆದಿದೆ ಎಂದು ನೋಡಿ, ಅಲ್ಲಿ ಹೇಳಿದ ಕಡೆಗೆ ಹೋಗುತ್ತದೆ. ಕರೆಂಟು ಹೋದರೂ ಅಳಿಯದ 'ರೋಮ್' ಚಿಪ್ಪಿನಲ್ಲಿ ಆಟವನ್ನು ಬರೆದು ಆ ವಿಳಾಸದಲ್ಲಿ ಇರಿಸಿದರೆ ಸಾಕು. ಸ್ವಿಚ್ ಹಾಕುವುದೇ ಆಟದ ಯಂತ್ರವನ್ನು ಎಬ್ಬಿಸುವುದು. ಆ ಪೆಟ್ಟಿಗೆಗೆ ಬೇರೆ ಕೆಲಸ ಗೊತ್ತಿಲ್ಲದ್ದರಿಂದ ಏನು ಮಾಡಬೇಕೆಂಬ ಪ್ರಶ್ನೆಯೂ ಅದಕ್ಕಿಲ್ಲ.

ಬೂಟಿನ ಲಾಡಿ

ಕಂಪ್ಯೂಟರಿನ ಕಥೆ ಬೇರೆ. ಅದು ಲೆಕ್ಕವನ್ನೂ ಮಾಡಬೇಕು, ಪತ್ರವನ್ನೂ ಬರೆಯಬೇಕು, ಆಟವನ್ನೂ ಆಡಿಸಬೇಕು. ಯಾವುದನ್ನು ಎಂದು ಯಾರಾದರೂ ಹೇಳಬೇಕು. 1975ರ ಜನವರಿಯಲ್ಲಿ ಅಮೆರಿಕದ ಒಂದು ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡು ಮನೆಮನೆಯ ಹವ್ಯಾಸಿಗಳನ್ನು ಮರುಳು ಮಾಡಿದ 'ಆಲ್ಟೇರ್ 8800' ಯಂತ್ರಕ್ಕೆ ಕೀಲಿಮಣೆಯೂ ಇರಲಿಲ್ಲ, ತೆರೆಯೂ ಇರಲಿಲ್ಲ. ಮುಂಭಾಗದಲ್ಲಿ ಸಾಲು ಸಾಲು ಸ್ವಿಚ್‌ಗಳು. ಒಂದೊಂದು ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿ ಅಂಕಿಗಳನ್ನು ಒಳಗೆ ತುಂಬಬೇಕು. ಕರೆಂಟು ಹೋದರೆ ತುಂಬಿದ್ದೆಲ್ಲ ಮಾಯ, ಮತ್ತೆ ಮೊದಲಿನಿಂದ.

ಸ್ವಿಚ್‌ಗಳ ಮೂಲಕ ತುಂಬುತ್ತಿದ್ದ ಆ ಪುಟ್ಟ ಆದೇಶಪಟ್ಟಿ ದೊಡ್ಡ ಪ್ರೋಗ್ರಾಂ ಒಂದನ್ನು ಕಾಗದದ ಪಟ್ಟಿಯಿಂದಲೋ ಟೇಪಿನಿಂದಲೋ ಎಳೆದುಕೊಳ್ಳುತ್ತಿತ್ತು. ಚಿಕ್ಕದು ದೊಡ್ಡದನ್ನು ಎಬ್ಬಿಸಬೇಕು. ತನ್ನ ಬೂಟಿನ ಲಾಡಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಅರ್ಥದ ಇಂಗ್ಲಿಷ್ ನುಡಿಗಟ್ಟಿನಿಂದ ಈ ಕ್ರಿಯೆಗೆ 'ಬೂಟ್' ಎಂಬ ಹೆಸರು ಬಂತು. ಕಂಪ್ಯೂಟರ್ 'ಬೂಟ್ ಆಗುತ್ತಿದೆ' ಎಂದು ಇಂದು ಹೇಳುವ ಮಾತಿನ ಮೂಲ ಅದೇ.

ಆಟದ ಯಂತ್ರ ಮತ್ತು ಮನೆಯ ಕಂಪ್ಯೂಟರ್ ಎರಡನ್ನೂ ಬೆಸೆದವರಲ್ಲಿ ಮುಖ್ಯ ಹೆಸರು ಸ್ಟೀವ್ ವೋಜ್ನಿಯಾಕ್ ಅವರದು. ಅಟಾರಿಗಾಗಿ 'ಬ್ರೇಕ್‌ಔಟ್' ಎಂಬ ಆಟದ ಮಂಡಲವನ್ನು ವಿನ್ಯಾಸ ಮಾಡಿದ್ದ ಅವರು, ಅದೇ ಆಟವನ್ನು ಮನೆಯಲ್ಲಿ ಯಾರು ಬೇಕಾದರೂ ಬರೆದು ಆಡುವಂತಾಗಬೇಕೆಂಬ ಆಸೆಯಿಂದ 1977ರ 'ಆಪಲ್-2' ಕಂಪ್ಯೂಟರಿಗೆ ಬಣ್ಣ, ಸದ್ದು, ತಿರುಗಿಸುವ ಗುಂಡಿ ಎಲ್ಲವನ್ನೂ ಸೇರಿಸಿದರು. ಆದರೂ ಆ ಯಂತ್ರ ತಾನಾಗಿ ಏಳುತ್ತಿರಲಿಲ್ಲ. ಸ್ವಿಚ್ ಹಾಕಿದರೆ ತೆರೆಯ ತುಂಬ ಅರ್ಥವಿಲ್ಲದ ಅಕ್ಷರಗಳು. 'ರೀಸೆಟ್' ಒತ್ತಬೇಕು, ಆಮೇಲೆ ಆದೇಶ ಕೊಡಬೇಕು. 1979ರ 'ಆಪಲ್-2 ಪ್ಲಸ್' ಮಾದರಿಯಲ್ಲಿ ಈ ಕಷ್ಟ ತಪ್ಪಿತು. ಅದರೊಳಗೆ ಹಾಕಿದ ಹೊಸ ಚಿಪ್ಪಿನ ಹೆಸರೇ 'ಆಟೋಸ್ಟಾರ್ಟ್ ರೋಮ್'. ಡ್ರೈವಿನಲ್ಲಿ ಡಿಸ್ಕ್ ಇಟ್ಟು ಸ್ವಿಚ್ ಹಾಕಿದರೆ ಯಂತ್ರ ತಾನೇ ಡಿಸ್ಕನ್ನು ಹುಡುಕಿ ಓದಿ ಆಟ ಶುರು ಮಾಡುತ್ತಿತ್ತು. ಮನೆಯ ಕಂಪ್ಯೂಟರ್ ಅಂಗಡಿಯ ಆಟದ ಪೆಟ್ಟಿಗೆಯಂತೆ ವರ್ತಿಸಲು ಕಲಿತದ್ದು ಹೀಗೆ.

ಟೇಪು, ಡಿಸ್ಕು ಮತ್ತು ಇಂಗ್ಲಿಷು

ಬಡವರ ಮನೆಗೆ ಡಿಸ್ಕ್ ಡ್ರೈವ್ ದುಬಾರಿ. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ 'ಝಡ್‌ಎಕ್ಸ್ ಸ್ಪೆಕ್ಟ್ರಂ' ಯಂತ್ರ ಹಾಡು ಕೇಳುವ ಮಾಮೂಲಿ ಟೇಪ್‌ರೆಕಾರ್ಡರಿನಿಂದ ಆಟವನ್ನು ಓದುತ್ತಿತ್ತು. 'ಲೋಡ್' ಎಂಬ ಆದೇಶ ಕೊಟ್ಟು ಟೇಪು ಓಡಿಸಿ ಕೆಲವು ನಿಮಿಷ ಕಿರ್ರ್ ಎನ್ನುವ ಸದ್ದು ಕೇಳುತ್ತ ಕಾಯಬೇಕು. ಆಟ ಬರೆದವರು ಟೇಪಿಗೆ ತುಂಬುವಾಗಲೇ ಒಂದು ಸಾಲಿನ ಸಂಖ್ಯೆಯನ್ನು ಸೂಚಿಸಿದ್ದರೆ, ಓದಿ ಮುಗಿದ ಕೂಡಲೇ ಆಟ ಆ ಸಾಲಿನಿಂದ ತಾನಾಗಿ ಶುರುವಾಗುತ್ತಿತ್ತು. ಇಲ್ಲವಾದರೆ ಮತ್ತೊಂದು ಆದೇಶ.

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಹೆಜ್ಜೆಯಿಟ್ಟದ್ದೂ ಇದೇ ದಶಕದಲ್ಲಿ. 1984ರ ನವೆಂಬರಿನಲ್ಲಿ ಕೇಂದ್ರ ಸರಕಾರದ ಹೊಸ ಕಂಪ್ಯೂಟರ್ ನೀತಿ ಬಂತು. ಆಮದಿನ ಕಟ್ಟು ಸಡಿಲಿತು. 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಪ್ರಾಯೋಗಿಕವಾಗಿ ದೇಶದ 250 ಶಾಲೆಗಳಿಗೆ ಬ್ರಿಟನ್ನಿನ 'ಬಿಬಿಸಿ ಮೈಕ್ರೋ' ಯಂತ್ರಗಳನ್ನು ಕೊಡಲಾಯಿತು. ಈ ಯಂತ್ರದಲ್ಲೂ ಒಂದು ಜಾಣ ಏರ್ಪಾಡು ಇತ್ತು. ಡಿಸ್ಕಿನಲ್ಲಿ 'ಬೂಟ್' ಎಂಬ ಹೆಸರಿನ ಕಡತವೊಂದನ್ನು ಬರೆದಿಟ್ಟು, 'ಶಿಫ್ಟ್' ಕೀಲಿ ಹಿಡಿದು 'ಬ್ರೇಕ್' ಒತ್ತಿದರೆ ಅದರಲ್ಲಿರುವ ಆದೇಶಗಳೆಲ್ಲ ಸಾಲಾಗಿ ನಡೆಯುತ್ತಿದ್ದವು. ಮೇಷ್ಟ್ರು ಒಮ್ಮೆ ಸಿದ್ಧಮಾಡಿಟ್ಟರೆ ಮಕ್ಕಳಿಗೆ ಎರಡು ಕೀಲಿ ಗೊತ್ತಿದ್ದರೆ ಸಾಕು.

1981ರ ಐಬಿಎಂ ಪಿಸಿ ಮತ್ತು ಅದರ ಜತೆಗೆ ಬಂದ 'ಡಾಸ್' ವ್ಯವಸ್ಥೆ ಇದೇ ಉಪಾಯವನ್ನು ಇನ್ನೂ ವ್ಯಾಪಕಗೊಳಿಸಿತು. ಡಿಸ್ಕಿನಲ್ಲಿ 'ಆಟೋಎಕ್ಸೆಕ್.ಬ್ಯಾಟ್' ಎಂಬ ಕಡತ ಇದ್ದರೆ ಯಂತ್ರ ಎದ್ದೊಡನೆ ಅದನ್ನು ಹುಡುಕಿ, ಅದರಲ್ಲಿ ಬರೆದದ್ದನ್ನೆಲ್ಲ ಮಾಡುತ್ತದೆ. ಕೊನೆಯ ಸಾಲಿನಲ್ಲಿ ಆಟದ ಹೆಸರು ಬರೆದರೆ ಮುಗಿಯಿತು. 1990ರ ದಶಕದ ಕಂಪ್ಯೂಟರ್ ತರಗತಿಗಳಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ', 'ಡೇಂಜರಸ್ ಡೇವ್' ಆಡಿದವರಿಗೆ ಆ ಕಪ್ಪು ತೆರೆ, ಮಿನುಗುವ ಗೆರೆ ನೆನಪಿರಬಹುದು.

ಆ ಮಿನುಗುವ ಗೆರೆಯ ಮುಂದೆ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ ಎಂಬುದನ್ನು ಮರೆಯುವಂತಿಲ್ಲ. ಒಂದು ಅಕ್ಷರ ತಪ್ಪಿದರೆ ಯಂತ್ರ 'ತಪ್ಪು ಆದೇಶ' ಎಂದು ಇಂಗ್ಲಿಷಿನಲ್ಲೇ ಗದರುತ್ತಿತ್ತು. ತೆರೆಯ ಮೇಲೆ ಕನ್ನಡ ಮೂಡಿಸುವುದೇ ಆಗ ದೊಡ್ಡ ಸಾಹಸ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಅವರ ಕೀಲಿಮಣೆ ವಿನ್ಯಾಸವೇ ಮುಂದೆ ಕನ್ನಡ ಬರೆಯುವವರ ಕೈಗೆ ಒಗ್ಗಿತು. ಆದರೆ ಯಂತ್ರಕ್ಕೆ ಕೊಡುವ ಆದೇಶಗಳು ಮಾತ್ರ ಇಂಗ್ಲಿಷಿನಲ್ಲೇ ಉಳಿದವು. ಕನ್ನಡ ಶಾಲೆಯ ಹುಡುಗನಿಗೆ ಆಟದ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಹಿರಿಯರಲ್ಲ, ನಾಣ್ಯವೂ ಅಲ್ಲ; ಬಾರದ ಭಾಷೆ. ಯಾರೋ ಒಬ್ಬರು ಬರೆದಿಟ್ಟ ನಾಲ್ಕು ಸಾಲಿನ ಕಡತ ಆ ಕಾವಲುಗಾರನನ್ನು ಪಕ್ಕಕ್ಕೆ ಸರಿಸುತ್ತಿತ್ತು. ತಾನಾಗಿ ಶುರುವಾಗುವ ಯಂತ್ರದಿಂದ ಆದ ಮೊದಲ ಉಪಕಾರ ಇದು.

ಗಲ್ಫ್ ಪೆಟ್ಟಿಗೆಯ ಆಟ

ಕರಾವಳಿಯ ಬಹಳಷ್ಟು ಮನೆಗಳಿಗೆ ಆಟದ ಯಂತ್ರ ಬಂದದ್ದು ಕಂಪ್ಯೂಟರ್ ರೂಪದಲ್ಲಲ್ಲ. 1983ರ ಜುಲೈಯಲ್ಲಿ ಜಪಾನಿನ ನಿಂಟೆಂಡೋ ಕಂಪೆನಿ 'ಫ್ಯಾಮಿಕಾಂ' ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಂಥ ಕಾರ್ಟ್ರಿಜ್ ತೂರಿಸಿ ಸ್ವಿಚ್ ಹಾಕಿದರೆ ಆಟ. ಕಾರ್ಟ್ರಿಜ್ಜಿನೊಳಗೆ ಇರುವುದು ಅದೇ ಅಳಿಯದ ರೋಮ್ ಚಿಪ್. ಅಂಗಡಿಯ ಪೆಟ್ಟಿಗೆಯ ಗುಟ್ಟೇ ಇಲ್ಲಿ ಬಿಡಿಯಾಗಿ ಕೈಗೆ ಸಿಕ್ಕಿತ್ತು. ಅದರ ಅಗ್ಗದ ನಕಲುಗಳು ತೈವಾನ್, ಹಾಂಗ್‌ಕಾಂಗ್, ಚೀನಾಗಳಲ್ಲಿ ತಯಾರಾಗಿ 1990ರ ದಶಕದಲ್ಲಿ ಭಾರತಕ್ಕೂ ಬಂದವು. ಗಲ್ಫ್‌ನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಟೇಪ್‌ರೆಕಾರ್ಡರ್, ಅತ್ತರಿನ ಜತೆಗೆ ಇವಕ್ಕೂ ಜಾಗ ಇತ್ತು. ಒಂದೇ ಕಾರ್ಟ್ರಿಜ್ಜಿನಲ್ಲಿ ಸಾವಿರಾರು ಆಟ ಎಂದು ಹೊರಗೆ ಬರೆದಿದ್ದರೂ ಒಳಗೆ ಅದೇ ಬೆರಳೆಣಿಕೆಯ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತುತ್ತಿದ್ದವು.

ಈ ಯಂತ್ರದ ಇತಿಹಾಸದಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. 1985ರಲ್ಲಿ ಇದೇ ಯಂತ್ರವನ್ನು ಅಮೆರಿಕದಲ್ಲಿ ಮಾರುವಾಗ ಕಂಪೆನಿ ಅದರೊಳಗೆ ಒಂದು ಬೀಗದ ಚಿಪ್ ಇರಿಸಿತು. ಕಾರ್ಟ್ರಿಜ್ಜಿನಲ್ಲಿ ಅದಕ್ಕೆ ಜೋಡಿಯಾದ ಚಿಪ್ ಇಲ್ಲದಿದ್ದರೆ ಯಂತ್ರ ಕ್ಷಣಕ್ಷಣಕ್ಕೂ ಮತ್ತೆ ಮೊದಲಿನಿಂದ ಶುರುವಾಗುತ್ತಲೇ ಇರುತ್ತದೆ, ಆಟ ಬರುವುದಿಲ್ಲ. ಯಾವ ಆಟ ಶುರುವಾಗಬೇಕು ಎಂಬುದನ್ನು ಈಗ ತೀರ್ಮಾನಿಸುತ್ತಿದ್ದದ್ದು ಕಾರ್ಖಾನೆ. ಜಪಾನಿನ ಮೂಲ ಮಾದರಿಯಲ್ಲಿ ಈ ಬೀಗ ಇರಲಿಲ್ಲ. ನಕಲು ಮಾಡುವವರಿಗೆ ಅದು ವರವಾಯಿತು.

ತಾನಾಗಿ ಏಳುವುದರ ಅಪಾಯ

ಕೇಳದೆ ಬಾಗಿಲು ತೆರೆಯುವ ಮನೆಗೆ ನೆಂಟರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ಕಂಪ್ಯೂಟರ್ ತಾನಾಗಿ ಏಳಬೇಕಾದರೆ ಡಿಸ್ಕಿನ ಮೊದಲ ಭಾಗದಲ್ಲಿ ಏನು ಬರೆದಿದೆಯೋ ಅದನ್ನು ಕಣ್ಣುಮುಚ್ಚಿ ನಡೆಸಬೇಕು. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬ ಪ್ರೋಗ್ರಾಂ ಅಲ್ಲೇ ಮನೆ ಮಾಡಿಕೊಂಡಿತು. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಅದನ್ನು ಗುರುತಿಸಲಾಗುತ್ತದೆ. ಫ್ಲಾಪಿಯನ್ನು ಒಳಗಿಟ್ಟು ಯಂತ್ರ ಶುರು ಮಾಡಿದರೆ ಸಾಕು, ಅದು ಮುಂದಿನ ಫ್ಲಾಪಿಗೆ ದಾಟುತ್ತಿತ್ತು.

1995ರ ಆಗಸ್ಟಿನಲ್ಲಿ ಬಂದ 'ವಿಂಡೋಸ್ 95' ಸಿಡಿ ತೂರಿಸಿದೊಡನೆ ಅದರಲ್ಲಿರುವುದನ್ನು ತಾನೇ ಶುರು ಮಾಡುವ ಸೌಲಭ್ಯ ತಂದಿತು. ಆಟದ ಸಿಡಿ ಕೊಂಡುತಂದವರಿಗೆ ಅದು ಬಹಳ ಅನುಕೂಲ. ಆದರೆ ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಬಂದ ಮೇಲೆ ಅದೇ ಸೌಲಭ್ಯ ಹುಳದ ದಾರಿಯಾಯಿತು. 2008ರ ಕೊನೆಗೆ ಹಬ್ಬಿದ 'ಕಾನ್‌ಫಿಕರ್' ಎಂಬ ಹುಳು ಪೆನ್‌ಡ್ರೈವ್‌ಗಳ ಮೂಲಕವೂ ಪ್ರಪಂಚ ಸುತ್ತಿತು. ಮುಂದಿನ ವರ್ಷಗಳಲ್ಲಿ ಮೈಕ್ರೋಸಾಫ್ಟ್ ಪೆನ್‌ಡ್ರೈವ್‌ಗಳ ಮಟ್ಟಿಗೆ ಈ ಸೌಲಭ್ಯವನ್ನೇ ಕಿತ್ತುಹಾಕಬೇಕಾಯಿತು. ಹದಿನೈದು ವರ್ಷಗಳ ಅನುಕೂಲವನ್ನು ಹಿಂದಕ್ಕೆ ಪಡೆದ ಅಪರೂಪದ ಸಂದರ್ಭ ಅದು.

ಮೂರು ಬಾಗಿಲು

ಹಳೆಯ ಅಂಗಡಿ ಯಂತ್ರಗಳು ಗುಜರಿ ಸೇರತೊಡಗಿದ ಕಾಲಕ್ಕೆ, 1997ರ ಫೆಬ್ರವರಿ 5ರಂದು, ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ಎಂಬ ಪ್ರೋಗ್ರಾಂ ಬಿಡುಗಡೆ ಮಾಡಿದರು. ಹಳೆಯ ಯಂತ್ರದ ಒಂದೊಂದು ಚಿಪ್ಪಿನ ನಡವಳಿಕೆಯನ್ನೂ ಹೊಸ ಕಂಪ್ಯೂಟರಿನಲ್ಲಿ ಅನುಕರಿಸಿ, ಹಳೆಯ ಆಟ ಇದ್ದ ಹಾಗೆಯೇ ನಡೆಯುವಂತೆ ಮಾಡುವುದು ಅದರ ಕೆಲಸ. ಆ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದರ ದಾಖಲೆ ಉಳಿಯಬೇಕೆಂಬುದು ಅದರ ಘೋಷಿತ ಉದ್ದೇಶ. 2012ರ ಫೆಬ್ರವರಿ 29ರಂದು ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಕಂಪ್ಯೂಟರ್ 35 ಡಾಲರಿಗೆ ಮಾರುಕಟ್ಟೆಗೆ ಬಂದ ಮೇಲೆ ಇಡೀ ಆಟದಂಗಡಿಯನ್ನೇ ಒಂದು ಮರದ ಪೆಟ್ಟಿಗೆಯೊಳಗೆ ಕೂರಿಸುವುದು ಸುಲಭವಾಯಿತು. ಆದರೆ ಆಟಗಳ ಹಕ್ಕು ಅವುಗಳ ಒಡೆಯರದೇ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಅದರ ವ್ಯಾಪ್ತಿಗೆ ತಂದಿದೆ.

ಇಂಥ ಪೆಟ್ಟಿಗೆ ತಾನಾಗಿ ಏಳಬೇಕಾದರೆ ಮೂರು ಬಾಗಿಲು ತೆರೆದಿರಬೇಕು. ಮೊದಲನೆಯದು ವಿದ್ಯುತ್ತಿನ ಬಾಗಿಲು. ಮಾಮೂಲಿ ಕಂಪ್ಯೂಟರ್ ಗೋಡೆಯ ಸ್ವಿಚ್ ಹಾಕಿದರೂ ಸುಮ್ಮನಿರುತ್ತದೆ. ಅದರದೇ ಗುಂಡಿ ಒತ್ತಬೇಕು. ಬಹಳಷ್ಟು ಯಂತ್ರಗಳ 'ಬಯೋಸ್' ಪಟ್ಟಿಯಲ್ಲಿ, ಕರೆಂಟು ಮರಳಿದಾಗ ಏನು ಮಾಡಬೇಕು ಎಂಬ ಆಯ್ಕೆ ಇರುತ್ತದೆ. ಅಲ್ಲಿ 'ಆನ್' ಎಂದು ಇರಿಸಿದರೆ ಗೋಡೆಯ ಸ್ವಿಚ್ಚೇ ಸಾಕು. ರಾಸ್ಪ್‌ಬೆರಿ ಪೈಗೆ ಈ ಚಿಂತೆ ಇಲ್ಲ. ಕರೆಂಟು ಸಿಕ್ಕಿದರೆ ಅದು ತಾನಾಗಿ ಏಳುತ್ತದೆ. ಎರಡನೆಯದು ಗುರುತಿನ ಬಾಗಿಲು. ಹೆಸರು, ಗುಪ್ತಪದ ಕೇಳದೆ ಯಂತ್ರ ಒಳಗೆ ಬಿಡುವಂತೆ ಮಾಡಬೇಕು. ಮೂರನೆಯದು ಕೆಲಸದ ಬಾಗಿಲು. ಒಳಗೆ ಬಂದ ಮೇಲೆ ಮೊದಲು ನಡೆಯಬೇಕಾದದ್ದು ಆಟದ ಪಟ್ಟಿ ಎಂದು 'ಸ್ಟಾರ್ಟಪ್' ಪಟ್ಟಿಯಲ್ಲಿ ಬರೆಯಬೇಕು. ಆಟೋಎಕ್ಸೆಕ್ ಕಡತದ ಮೊಮ್ಮಗ ಅದು.

ಎರಡನೆಯ ಬಾಗಿಲಿನ ಬಗ್ಗೆ ಎಚ್ಚರ ಬೇಕು. ಬ್ಯಾಂಕಿನ ವ್ಯವಹಾರ, ಮನೆಯ ಕಾಗದಪತ್ರ ಇರುವ ಕಂಪ್ಯೂಟರಿನ ಗುಪ್ತಪದ ತೆಗೆದು ಅದನ್ನೇ ಆಟದ ಪೆಟ್ಟಿಗೆ ಮಾಡುವುದು ತಿಜೋರಿಯ ಬಾಗಿಲು ತೆರೆದಿಟ್ಟು ಮಕ್ಕಳನ್ನು ಆಡಲು ಬಿಟ್ಟಂತೆ. ಆಟಕ್ಕೆ ಪ್ರತ್ಯೇಕ ಯಂತ್ರ ಇರುವುದು, ಇಲ್ಲವೇ ಕನಿಷ್ಠ ಪ್ರತ್ಯೇಕ ಖಾತೆ ಇರುವುದು ಲೇಸು.

ಮಿಂಚು, ಮಳೆ, ಕರೆಂಟು

ವಿದೇಶದಲ್ಲಿ ಬರೆದ ಸೂಚನೆಗಳು ಘಟ್ಟದ ಬುಡದ ಊರುಗಳಿಗೆ ಹಾಗೆಯೇ ಹೊಂದುವುದಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬೆಳ್ತಂಗಡಿಯ ಕಡೆ ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಮತ್ತು ತುಲಾ ಮಾಸದಲ್ಲಿ ಗುಡುಗು ಮಿಂಚಿನ ಅಬ್ಬರ. ಅಡಕೆ ತೋಟಗಳ ನಡುವೆ ಹಾದುಹೋಗುವ ತಂತಿಯ ಮೇಲೆ ಮರದ ಗೆಲ್ಲು ಬಿದ್ದರೆ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟು ಬಂದಾಗಲೆಲ್ಲ ಎದ್ದು ನಿಲ್ಲುವ ಯಂತ್ರ ಅಂಥ ರಾತ್ರಿ ಎಷ್ಟು ಸಲ ಎದ್ದು ಬೀಳಬೇಕು? ಮಧ್ಯರಾತ್ರಿ ಎರಡು ಗಂಟೆಗೆ ಕರೆಂಟು ಮರಳಿದರೆ ಆಟದ ಸಂಗೀತ ಮನೆಯವರನ್ನೆಲ್ಲ ಎಬ್ಬಿಸುತ್ತದೆ.

ಬೀಳುವುದು ಏಳುವುದಕ್ಕಿಂತ ದೊಡ್ಡ ತೊಂದರೆ. ಹಳೆಯ ಅಂಗಡಿಯ ಪೆಟ್ಟಿಗೆಯನ್ನು ಯಾವ ಕ್ಷಣದಲ್ಲಾದರೂ ಆರಿಸಬಹುದಿತ್ತು. ರೋಮ್ ಚಿಪ್ಪಿನಲ್ಲಿ ಬರೆದದ್ದು ಅಳಿಯುವುದಿಲ್ಲ. ಇಂದಿನ ಕಂಪ್ಯೂಟರ್ ಹಾಗಲ್ಲ. ಅದು ಒಳಗೊಳಗೇ ಏನನ್ನಾದರೂ ಬರೆಯುತ್ತ ಇರುತ್ತದೆ. ಬರೆಯುವ ನಡುವೆ ಕರೆಂಟು ಹೋದರೆ ಕಡತ ಕೆಡುತ್ತದೆ. ಮೆಮೊರಿ ಕಾರ್ಡಿನಿಂದ ಏಳುವ ಪುಟ್ಟ ಯಂತ್ರಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಈ ಸೀಮೆಯ ಮನೆಗೆ ಮೊದಲ ಬಾಗಿಲನ್ನು ಪೂರ್ತಿ ತೆರೆದಿಡುವುದು ಒಳ್ಳೆಯದಲ್ಲ. ಕರೆಂಟು ಮರಳಿದಾಗ ಯಂತ್ರ ಸುಮ್ಮನಿರಲಿ, ಪೆಟ್ಟಿಗೆಯ ಮೇಲೊಂದು ಗುಂಡಿ ಒತ್ತಿದರೆ ಮಾತ್ರ ಏಳಲಿ, ಮುಂದಿನದೆಲ್ಲ ತಾನಾಗಿ ನಡೆಯಲಿ ಎಂಬ ನಡುದಾರಿ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಅದೇ ಗುಂಡಿ ಇನ್ನೊಮ್ಮೆ ಒತ್ತಿದರೆ ಕ್ರಮವಾಗಿ ಆರುವ ಏರ್ಪಾಡು, ಸಣ್ಣದೊಂದು ಯುಪಿಎಸ್, ಸಿಡಿಲಿನ ಸದ್ದು ಕೇಳಿದರೆ ಪ್ಲಗ್ ಕೀಳುವ ಹಳೆಯ ರೂಢಿ—ಇವಿಷ್ಟಿದ್ದರೆ ಪೆಟ್ಟಿಗೆ ಬಾಳುತ್ತದೆ.

ನಿಲ್ಲಿಸುವವರು

ಇಷ್ಟೆಲ್ಲ ಆದ ಮೇಲೆ ಉಳಿಯುವ ಲೆಕ್ಕ ಏನು? ಆಲ್ಟೇರ್‌ನ ಸ್ವಿಚ್‌ಗಳನ್ನು ಪರಿಣತರು ಮಾತ್ರ ಆಡಿಸಬಲ್ಲವರಾಗಿದ್ದರು. ಡಾಸ್‌ನ ಆದೇಶ ಇಂಗ್ಲಿಷ್ ಬಲ್ಲವರ ಸೊತ್ತಾಗಿತ್ತು. ತಾನಾಗಿ ಏಳುವ ಪೆಟ್ಟಿಗೆಯ ಮುಂದೆ ಐದು ವರ್ಷದ ಮಗುವೂ ಎಂಬತ್ತು ವರ್ಷದ ಅಜ್ಜಿಯೂ ಒಂದೇ. ಇದು ಚಿಕ್ಕ ಸಾಧನೆಯಲ್ಲ. ಆದರೆ ಬಾಗಿಲು ತೆಗೆಯಲು ಹೆಣಗುತ್ತಿದ್ದವರು ಹೆಣಗುತ್ತಲೇ ಯಂತ್ರವನ್ನು ಕಲಿಯುತ್ತಿದ್ದರು. ಆಟ ಆಡಲೆಂದು ಆಟೋಎಕ್ಸೆಕ್ ಕಡತ ತಿದ್ದಿದವರು, ಸ್ಪೆಕ್ಟ್ರಮ್ಮಿನ ಮುಂದೆ ಸಾಲು ಸಾಲು ಬರೆದವರು ಮುಂದೆ ಆ ವಿದ್ಯೆಯಿಂದಲೇ ಜೀವನ ಕಟ್ಟಿಕೊಂಡದ್ದುಂಟು. ಸಿದ್ಧವಾಗಿ ಬಂದ ಪೆಟ್ಟಿಗೆ ಆ ಪಾಠ ಹೇಳುವುದಿಲ್ಲ. ಮನೆಯಲ್ಲೇ ಪೆಟ್ಟಿಗೆ ಕಟ್ಟುವವರು, ಆ ಮೂರು ಬಾಗಿಲುಗಳ ಕೆಲಸವನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿದರೆ ಆ ನಷ್ಟ ಒಂದಿಷ್ಟು ತುಂಬೀತು.

ಇನ್ನೊಂದು ನಷ್ಟ ತುಂಬುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಅದರ ಮೊದಲ ಲಕ್ಷಣ ಆಟದ ಮೇಲೆ ಹಿಡಿತ ತಪ್ಪುವುದು. ಯಾವಾಗ ಶುರು ಮಾಡಬೇಕು, ಎಷ್ಟು ಹೊತ್ತು ಆಡಬೇಕು, ಯಾವಾಗ ಮುಗಿಸಬೇಕು ಎಂಬುದು ಆಡುವವನ ಕೈಯಲ್ಲಿ ಇಲ್ಲವಾಗುವುದನ್ನು ಆ ಪಟ್ಟಿ ಹೆಸರಿಸಿಯೇ ಹೇಳುತ್ತದೆ. ಆಡುವವರೆಲ್ಲ ಗೀಳಿಗೆ ಬೀಳುವುದಿಲ್ಲ. ಆದರೆ ಪೊಳಲಿಯ ಚೆಂಡಿಗೆ ಐದು ದಿನದ ಮಿತಿ, ಚೆನ್ನೆಗೆ ಆಟಿಯ ಮಿತಿ, ಅಂಗಡಿಯ ಆಟಕ್ಕೆ ಜೇಬಿನ ನಾಣ್ಯದ ಮಿತಿ ಇತ್ತು. ಮನೆಯ ಪೆಟ್ಟಿಗೆಗೆ ಹೊರಗಿನ ಮಿತಿ ಯಾವುದೂ ಇಲ್ಲ.

ಮಿತಿಯನ್ನು ಯಂತ್ರದೊಳಗೇ ಇರಿಸುವುದೂ ಸಾಧ್ಯ. ಆಟದ ಪಟ್ಟಿಯನ್ನು ಶುರು ಮಾಡುವ ಕಡತದಲ್ಲೇ, ಇಂತಿಷ್ಟು ನಿಮಿಷ ಕಳೆದ ಮೇಲೆ ಯಂತ್ರ ಕ್ರಮವಾಗಿ ಆರಲಿ ಎಂದು ಇನ್ನೊಂದು ಸಾಲು ಬರೆಯಬಹುದು. ತಾನಾಗಿ ಏಳುವುದನ್ನು ಹೇಳಿಕೊಡುವ ಸೂಚನೆಗಳು ಹೇರಳವಾಗಿವೆ. ತಾನಾಗಿ ಮಲಗುವುದನ್ನು ಹೇಳುವವು ಕಡಿಮೆ. ಎಷ್ಟು ನಿಮಿಷ ಎಂಬ ಅಂಕಿಯನ್ನು ಮಾತ್ರ ಯಾವ ಕಂಪೆನಿಯೂ ತುಂಬಿಕೊಡುವುದಿಲ್ಲ. ಅದನ್ನು ಮನೆಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕೂತು ತೀರ್ಮಾನಿಸಬೇಕು.